ಸಣ್ಣ ಮನೆಯಲ್ಲಿ ಉಳಿ-ಬಾಚಿ

ಮನೆ ಸಣ್ಣದಾದರೂ ಮನಸ್ಸು ದೊಡ್ಡದಿರಬೇಕು ಎಂದು ಹಿರಿಯರು ಹೇಳುತ್ತಾರೆ. ಮಾತು ನಿಜವೇ. ನಾಲ್ಕು ಮಂದಿ ನೆಂಟರು ಒಟ್ಟಿಗೆ ಬಂದರೆ ಆ ಮಾತಿನ ಬಲದಿಂದ ಚಾಪೆ ಹಾಸಿ ಸುಧಾರಿಸಿಕೊಳ್ಳಬಹುದು. ಆದರೆ ಗರಗಸ, ಉಳಿ, ಬಾಚಿ, ಕೀಸುಳಿಗಳು ನೆಂಟರಂತಲ್ಲ. ಅವು ಬಂದರೆ ಹಿಂದಿರುಗುವುದಿಲ್ಲ. ಮನಸ್ಸಿನಲ್ಲಿ ಜಾಗ ಕೊಟ್ಟರೆ ಅವಕ್ಕೆ ಸಾಲುವುದೂ ಇಲ್ಲ. ನೆಲದ ಮೇಲೆಯೇ ಜಾಗ ಬೇಕು. ಅವು ಕೆಲಸಕ್ಕಿಳಿದವೆಂದರೆ ಸದ್ದು, ಹುಡಿ, ಸಿಪ್ಪೆ. ಹೀಗಿರುವಾಗ ಎರಡು ಕೋಣೆ, ಒಂದು ಅಡುಗೆಮನೆ, ಮುಂದೊಂದು ಜಗಲಿ ಇರುವ ಮನೆಯಲ್ಲಿ ಮರಗೆಲಸದ ಹವ್ಯಾಸ ಇಟ್ಟುಕೊಳ್ಳುವುದು ಸಾಧ್ಯವೆ? ಸಾಧ್ಯವೆಂಬುದು ನಮ್ಮ ಅನುಭವ. ಅದು ಹೇಗೆಂದು ನಮ್ಮ ವಿದ್ಯಾರ್ಥಿಗಳಿಗೂ ಅವರ ಹೆತ್ತವರಿಗೂ ತಿಳಿಸೋಣವೆಂದು ಈ ನಾಲ್ಕು ಮಾತು.

ನಾವು ಮನೆಯಲ್ಲಿ ನಾಲ್ಕು ಜನ. ಚಂದ್ರಗಿರಿ ಹೊಳೆಯ ಉತ್ತರಕ್ಕೆ, ಕಾಸರಗೋಡು ಪೇಟೆಯ ಅಂಚಿನಲ್ಲಿ, ಗೋಡೆಗೆ ಗೋಡೆ ಅಂಟಿಕೊಂಡ ಎರಡು ಮನೆಗಳಲ್ಲಿ ಒಂದು ನಮ್ಮದು, ಬಾಡಿಗೆಯದು. 2021ರವರೆಗೆ ಅಲ್ಲಿದ್ದುದು ಮೂರೇ ಜನ. ಆ ವರ್ಷ ಅಪ್ಪ ತೀರಿಕೊಂಡರು. ಹಳ್ಳಿಯ ಮನೆ ಪಾಲಾಯಿತು. ಅಮ್ಮ ನಮ್ಮಲ್ಲಿಗೆ ಬಂದರು. ಬರುವಾಗ ಅವರು ತಂದ ಸಾಮಾನು ಹೆಚ್ಚೇನಲ್ಲ: ಒಂದು ಟ್ರಂಕು, ಒಂದು ಹೆರೆಮಣೆ, ದೇವರ ಕೋಣೆಯ ಕಾಲುದೀಪ, ಮತ್ತೆ ಮೂರಡಿ ಉದ್ದದ ಒಂದು ಹಲಸಿನ ಮರದ ಪೆಟ್ಟಿಗೆ. ಪೆಟ್ಟಿಗೆಯನ್ನು ಜೀಪಿನಿಂದ ಇಳಿಸಲು ಇಬ್ಬರು ಬೇಕಾಯಿತು. ಅದರ ತುಂಬ ಅಪ್ಪನ ಹತ್ಯಾರುಗಳು.

ಅಪ್ಪ ಆಚಾರಿಗಳಲ್ಲ, ಅಡಿಕೆ ಕೃಷಿಕರು. ಮನೆ ಕಟ್ಟುವಾಗ ತಿಂಗಳುಗಟ್ಟಲೆ ಬಂದು ಉಳಿದಿದ್ದ ಆಚಾರಿಯವರ ಬಳಿ ಕುಳಿತು ನೋಡಿ ನೋಡಿಯೇ ಕಲಿತವರು. ಆಟಿ ತಿಂಗಳ ಜಡಿಮಳೆಗೆ ತೋಟಕ್ಕಿಳಿಯಲಾಗದ ದಿನಗಳಲ್ಲಿ ಅವರು ಚಾವಡಿಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತರೆಂದರೆ ಊಟಕ್ಕೆ ಮೂರು ಸಲ ಕರೆಯಬೇಕು. ಮಣೆ, ಕಡೆಗೋಲು, ಕತ್ತಿಯ ಹಿಡಿ, ಪುಸ್ತಕವಿಡುವ ವ್ಯಾಸಪೀಠ ಹೀಗೆ ಸಣ್ಣ ಸಣ್ಣ ವಸ್ತುಗಳು. ಮಾರಾಟಕ್ಕಲ್ಲ, ಬೇಕಾದವರಿಗೆ ಕೊಡುವುದಕ್ಕೆ. ಆ ಚಾವಡಿಯೋ ಇಪ್ಪತ್ತು ಮಂದಿ ಎಲೆ ಹಾಕಿ ಉಣ್ಣುವಷ್ಟು ವಿಶಾಲ. ಅಲ್ಲಿ ಹವ್ಯಾಸಕ್ಕೆ ಜಾಗ ಹುಡುಕಬೇಕೆಂಬ ಪ್ರಶ್ನೆಯೇ ಇರಲಿಲ್ಲ.

ನಮ್ಮ ಮನೆಯಲ್ಲಿ ಆ ಪ್ರಶ್ನೆ ಮೊದಲ ದಿನವೇ ಹುಟ್ಟಿತು. ಪೆಟ್ಟಿಗೆಯನ್ನು ಎದುರು ಕೋಣೆಯಲ್ಲಿಟ್ಟರೆ ಅಮ್ಮನ ಮಂಚಕ್ಕೆ ಎಡೆಯಿಲ್ಲ. ಒಳಕೋಣೆಯಲ್ಲಿಟ್ಟರೆ ಅಲಮಾರಿನ ಬಾಗಿಲು ತೆರೆಯುವುದಿಲ್ಲ. ಅಡುಗೆಮನೆಗೆ ತರಲು ಮನೆಯಾಕೆ ಒಪ್ಪಲಿಲ್ಲ, ಒಪ್ಪದಿದ್ದುದು ನ್ಯಾಯವೇ. ಕೊನೆಗೆ ಅದು ಜಗಲಿಯ ಮೂಲೆಯಲ್ಲಿ ಕುಳಿತು ಚಪ್ಪಲಿ, ಕೊಡೆ, ಹಳೆಯ ಪತ್ರಿಕೆಗಳನ್ನು ಹೊರುವ ಮೇಜಾಯಿತು. ಅಮ್ಮನೂ ಹೆಚ್ಚು ಕಡಿಮೆ ಹಾಗೆಯೇ ಒಂದು ಮೂಲೆ ಹಿಡಿದರು. ಹಳ್ಳಿಯಲ್ಲಿ ಹೊತ್ತು ಮೂಡುವ ಮೊದಲೇ ಹಟ್ಟಿಗೆ ಹೋಗುತ್ತಿದ್ದವರಿಗೆ ಇಲ್ಲಿ ಮಾಡಲು ಕೆಲಸವಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳುವರು, ಕೊಟ್ಟದ್ದನ್ನು ಉಣ್ಣುವರು. ಮಾತು ದಿನದಿಂದ ದಿನಕ್ಕೆ ಕಡಿಮೆಯಾಗುತ್ತ ಬಂತು.

2022ರ ಬೇಸಗೆಯಲ್ಲಿ ಹಳೆಯ ಸಾಮಾನು ಕೊಳ್ಳುವವರೊಬ್ಬರು ಬಂದರು. ಪೆಟ್ಟಿಗೆ ತೆರೆದು ನೋಡಿ, ಯಾವುದೋ ಹೋಟೆಲಿನ ಗೋಡೆಗೆ ತೂಗುಹಾಕಲು ಇಂಥದ್ದೇ ಬೇಕಾಗಿದೆಯೆಂದರು. ಅವರು ಹೇಳಿದ ಬೆಲೆ ನಮ್ಮ ಒಂದು ತಿಂಗಳ ಬಾಡಿಗೆಗೆ ಸಾಕಾಗುವಷ್ಟಿತ್ತು. ನಾವು ಅಮ್ಮನ ಮುಖ ನೋಡಿದೆವು. ಅಮ್ಮ ಬೇಡವೆನ್ನಲಿಲ್ಲ.

"ಕೊಡುವುದಾದರೆ ಒಂದು ದಿನ ತಡೆಯಿರಿ. ಉಳಿಯೆಲ್ಲ ಮೊಂಡಾಗಿದೆ. ಮಸೆದು ಕೊಡುವ" ಎಂದರು.

ಬಂದವರು ನಕ್ಕರು. "ಬೇಡಮ್ಮಾ, ತೂಗುಹಾಕುವುದಕ್ಕೆ ಹರಿತ ಯಾಕೆ? ಮೊಂಡಾಗಿದ್ದರೇ ಒಳ್ಳೆಯದು. ಯಾರ ಕೈಗೂ ತಾಗುವುದಿಲ್ಲ."

ಅಮ್ಮ ಮತ್ತೆ ಮಾತನಾಡದೆ ಒಳಗೆ ಹೋದರು. ಅಷ್ಟು ಹೊತ್ತು ಸುಮ್ಮನಿದ್ದ ಮನೆಯಾಕೆ ಪೆಟ್ಟಿಗೆಯ ಮುಚ್ಚಳ ಹಾಕಿದರು. "ಇಲ್ಲ, ಇದನ್ನು ಕೊಡುವುದಿಲ್ಲ" ಎಂದರು. ಪೆಟ್ಟಿಗೆ ಒಮ್ಮೆ ಮನೆಯಿಂದ ಹೊರಗೆ ಹೋದರೆ ಸಾಕೆಂದು ಒಂದು ವರ್ಷದಿಂದ ಹೇಳುತ್ತಿದ್ದವರು ಅವರೇ. ಆ ದಿನ ಸಂಜೆ ನಾವೆಲ್ಲ ಜಗಲಿಯಲ್ಲಿ ಕುಳಿತು ಮಾತನಾಡಿದೆವು. ಇಟ್ಟುಕೊಳ್ಳುವುದಾದರೆ ಅದು ಬರಿದೇ ಇರಬಾರದು, ಕೆಲಸಕ್ಕೆ ಬರಬೇಕು; ಕೆಲಸಕ್ಕೆ ಬರಬೇಕಾದರೆ ಅದಕ್ಕೊಂದು ಜಾಗ ಬೇಕು. ಇಲ್ಲಿಂದ ನಮ್ಮ ಹುಡುಕಾಟ ಸುರುವಾಯಿತು.

ಅಂಗಡಿಯಲ್ಲಿ ಸಿಗುವ ಮರಗೆಲಸದ ಮೇಜೆಂದರೆ ಐದಾರು ಅಡಿ ಉದ್ದ. ಸುತ್ತಲೂ ಓಡಾಡಲು ಇನ್ನಷ್ಟು ಎಡೆ ಬೇಕು. ಅದನ್ನು ತಂದರೆ ನಾವು ಅಂಗಳದಲ್ಲಿ ಮಲಗಬೇಕು! ಆಗ ನೆನಪಾದದ್ದು ಅಪ್ಪ ಕುಳಿತುಕೊಳ್ಳುತ್ತಿದ್ದ ರೀತಿ. ನಮ್ಮ ನಾಡಿನ ಬಡಗಿಗಳು ಹಿಂದಿನಿಂದಲೂ ನೆಲದ ಮೇಲೆ ಕುಳಿತೇ ಕೆಲಸ ಮಾಡಿದವರು. ಕಾಲಿನ ಹೆಬ್ಬೆರಳು, ಅಂಗಾಲುಗಳೇ ಅವರಿಗೆ ಇಕ್ಕುಳ. ಹಲಗೆಯನ್ನು ಪಾದದಿಂದ ಒತ್ತಿ ಹಿಡಿದು ಎರಡು ಕೈಯಿಂದಲೂ ಕೆಲಸ ಸಾಗಿಸುತ್ತಿದ್ದರು. ಜಪಾನಿನ ಬಡಗಿಗಳದೂ ಇದೇ ಕ್ರಮ. ಕುಳಿತು ಕೊಯ್ಯಲು ಅನುಕೂಲವಾಗುವಂತೆ ಅವರ ಗರಗಸ ತನ್ನತ್ತ ಎಳೆಯುವಾಗ ಮರವನ್ನು ಕೊಯ್ಯುತ್ತದೆ. ದೊಡ್ಡ ಮೇಜಿಲ್ಲದೆ ಕೆಲಸವಾಗದೆಂಬುದು ಅಂಗಡಿಯವರ ಮಾತೇ ಹೊರತು ಮರದ ಮಾತಲ್ಲ.

ಪೆಟ್ಟಿಗೆಯಲ್ಲಿ ಒಂದು ಅಳತೆಯ ಕೋಲಿತ್ತು. ಕೇರಳದ ಆಚಾರಿಗಳ ಲೆಕ್ಕದಲ್ಲಿ ಒಂದು ಕೋಲೆಂದರೆ 24 ಅಂಗುಲ, ಸುಮಾರು 72 ಸೆಂಟಿಮೀಟರು. ಮಗಳು ಅದೇ ಕೋಲು ಹಿಡಿದು ಜಗಲಿಯನ್ನಳೆದಳು. ಪೆಟ್ಟಿಗೆಯಿದ್ದ ಮೂಲೆ ಎರಡು ಕೋಲು ಉದ್ದ, ಒಂದು ಕೋಲು ಅಗಲ. ಒಬ್ಬರು ಕಾಲು ನೀಡಿ ಕುಳಿತು ಮೂರಡಿಯ ಹಲಗೆಯೊಂದನ್ನು ಮುಂದಿಟ್ಟುಕೊಳ್ಳಲು ಅಷ್ಟು ಸಾಕು. ಎರಡು ಇಂಚು ದಪ್ಪದ ತುಂಡು ಹಲಗೆಯೊಂದಕ್ಕೆ ಗೇಣುದ್ದದ ಎರಡು ಕಾಲು ಹಚ್ಚಿದೆವು. ಹಲಗೆಯ ಒಂದು ತುದಿಯಲ್ಲಿ ಅಡ್ಡಪಟ್ಟಿ ಹೊಡೆದೆವು. ಕೀಸುವಾಗ ಮರ ಮುಂದೆ ಜಾರದಂತೆ ಅದು ತಡೆಯುತ್ತದೆ. ಇಷ್ಟೇ ನಮ್ಮ ಕಾರ್ಖಾನೆ. ಕೆಲಸ ಮುಗಿದ ಮೇಲೆ ಅದು ಜಗಲಿಯ ಬೆಂಚಿನಡಿಗೆ ಸರಿದು ಹೋಗುತ್ತದೆ. ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಹಳೆಯ ಚರ್ಮದ ಪಟ್ಟಿಗಳನ್ನು ಹೊಡೆದು ಉಳಿಗಳನ್ನು ಅಲ್ಲಿ ಸಾಲಾಗಿ ಸಿಕ್ಕಿಸಿದೆವು. ಕೆಳಗೆ ಕೀಸುಳಿ, ಬಾಚಿ, ಕೊಡತಿ. ಗರಗಸ ಗೋಡೆಯ ಮೊಳೆಯಲ್ಲಿ.

ನೆಲದ ಜಾಗ ಸಿಕ್ಕಿತು. ಆದರೆ ನಾಲ್ಕು ಜನರಿರುವ ಮನೆಯಲ್ಲಿ ನೆಲದ ಜಾಗವೊಂದೇ ಜಾಗವಲ್ಲ. ಕಿವಿಗೂ ಮೂಗಿಗೂ ಜಾಗ ಬೇಕು, ನೆರೆಯವರಿಗೂ ಬೇಕು. ಆದುದರಿಂದ ಒಂದಷ್ಟು ಒಪ್ಪಂದಗಳನ್ನು ಮಾಡಿಕೊಂಡೆವು. ಕೈ ಹತ್ಯಾರು ಮಾತ್ರ, ವಿದ್ಯುತ್ತಿನ ಯಂತ್ರ ಬೇಡ. ತೂತು ಕೊರೆಯಲು ಅಪ್ಪನ ಹಗ್ಗದ ಬೈರಿಗೆಯಿದೆ. ಅದರ ಸದ್ದು ಪಕ್ಕದ ಕೋಣೆಗೂ ಕೇಳಿಸದು. ಶಾಲೆಯಿದ್ದ ದಿನ ಸಂಜೆ ಐದರಿಂದ ದೀಪ ಹಚ್ಚುವವರೆಗೆ, ರಜಾದಿನ ಬೆಳಗ್ಗೆ ಎರಡು ಗಂಟೆ ಕೆಲಸ. ಪಕ್ಕದ ಮಲಯಾಳಿ ಮನೆಯಲ್ಲಿ ಕೂಸು ಇದ್ದುದರಿಂದ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಕೊಡತಿ ಎತ್ತಬಾರದು. ಹುಡಿ ಹಾರುವ ಕೆಲಸವನ್ನು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿಯೇ ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾದುದು ಕೊನೆಯದು: ದೀಪ ಹಚ್ಚುವ ಹೊತ್ತಿಗೆ ಪ್ರತಿಯೊಂದು ಉಳಿಯೂ ತನ್ನ ಪಟ್ಟಿಯಲ್ಲಿರಬೇಕು, ಜಗಲಿ ಗುಡಿಸಿರಬೇಕು. ಇದಕ್ಕೆ ಕಾಲು ಗಂಟೆ ಹಿಡಿಯುತ್ತದೆ. ಆ ಕಾಲು ಗಂಟೆಯೇ ಮರುದಿನದ ಜಾಗದ ಬಾಡಿಗೆ ಎಂದು ನಾವು ಹೇಳಿಕೊಳ್ಳುವುದುಂಟು.

ಇನ್ನು ಮರದ ಮಾತು. 2020ರ ಮಳೆಗಾಲದಲ್ಲಿ ಹಳ್ಳಿಯ ಹಿತ್ತಿಲಲ್ಲಿ ಗಾಳಿಗೆ ಬಿದ್ದ ಹಲಸೊಂದನ್ನು ಅಪ್ಪನೇ ಮಿಲ್ಲಿಗೆ ಸಾಗಿಸಿ, ಒಂದಿಂಚು ದಪ್ಪದ ಹಲಗೆಗಳನ್ನಾಗಿ ಕೊಯ್ಯಿಸಿ ಹಟ್ಟಿಯ ಅಟ್ಟದಲ್ಲಿ ಪೇರಿಸಿದ್ದರು. ಒಂದಿಂಚು ದಪ್ಪದ ಹಲಗೆ ನೆರಳಿನಲ್ಲಿ ಒಣಗಲು ಸುಮಾರು ಒಂದು ವರ್ಷ ಬೇಕೆಂಬುದು ಬಡಗಿಗಳ ರೂಢಿಯ ಲೆಕ್ಕ. ನಮ್ಮ ಪಾಲಿಗೆ ಬಂದವು ಆರು ಹಲಗೆ. ಅವುಗಳನ್ನು ಎಲ್ಲಿಡುವುದು? ಅಮ್ಮನೇ ದಾರಿ ತೋರಿದರು: "ನನ್ನ ಮಂಚದಡಿಯಲ್ಲಿ ಇಡಿ." ಹಲಗೆಗಳ ನಡುವೆ ಗಾಳಿಯಾಡಲು ಅಡಿಕೆ ಸಲಕೆಯ ತುಂಡುಗಳನ್ನಿಟ್ಟು ಪೇರಿಸಿದೆವು. ಅಪ್ಪ ಕೊಯ್ಯಿಸಿದ ಮರದ ಮೇಲೆಯೇ ಅಮ್ಮ ಮಲಗಿದಂತಾಯಿತು. ನಾವು ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಜೂನ್ ಬಂತೆಂದರೆ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚುವುದು ನಿಮಗೆಲ್ಲ ಗೊತ್ತು. ಮರ ತೇವ ಹೀರಿ ಅಡ್ಡಕ್ಕೆ ಹಿಗ್ಗುತ್ತದೆ, ಒಣಗಿದಾಗ ಅಡ್ಡಕ್ಕೇ ಕುಗ್ಗುತ್ತದೆ. ನಾರಿನ ಉದ್ದಕ್ಕೆ ಮಾತ್ರ ಬದಲಾವಣೆ ತೀರ ಕಡಿಮೆ. ಆದುದರಿಂದ ಅಗಲದ ಹಲಗೆಗೆ ಅಡ್ಡಪಟ್ಟಿ ಬಿಗಿಯುವಾಗ ಸ್ಕ್ರೂವಿನ ತೂತನ್ನು ತುಸು ಉದ್ದವಾಗಿ ಕೊರೆಯಬೇಕು. ಹಲಗೆಗೆ ಮಿಸುಕಾಡಲು ಎಡೆ ಕೊಡದಿದ್ದರೆ ಅದು ಬಿರಿಯುತ್ತದೆ. ಸಣ್ಣ ಮನೆಯಲ್ಲಿ ಮನುಷ್ಯರ ವಿಷಯವೂ ಇದಕ್ಕಿಂತ ಬೇರೆಯಲ್ಲ. ಕಬ್ಬಿಣದ ಹತ್ಯಾರುಗಳಿಗೆ ಮಳೆಗಾಲವೇ ಶತ್ರು. ವಾರಕ್ಕೊಮ್ಮೆ ತೆಂಗಿನೆಣ್ಣೆಯ ತೆಳು ಕೈ ಒರೆಸಿಟ್ಟರೆ ತುಕ್ಕು ಹತ್ತಿರ ಸುಳಿಯದು.

ಮೊದಲು ಮಾಡಿದ್ದು ಮಗಳ ಓದುವ ಮೇಜು. ಜಗಲಿಯ ಮೂಲೆ ಅಲ್ಲಿಯವರೆಗೆ ಅವಳು ಕುಳಿತು ಓದುತ್ತಿದ್ದ ಸ್ಥಳ. ಆ ಜಾಗ ತೆಗೆದುಕೊಂಡವರು ಬೇರೆ ಜಾಗ ಕೊಡಬೇಕಷ್ಟೆ? ಮನೆಯ ಯಜಮಾನರ ಅಪ್ಪಣೆ ಪಡೆದು ಒಳಕೋಣೆಯ ಕಿಟಕಿಯ ಕೆಳಗೆ ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲದ ಹಲಗೆಯನ್ನು ವಿಜಾಗರಿಯಲ್ಲಿ ಕೂರಿಸಿದೆವು. ಓದುವಾಗ ಎತ್ತಿ ಊರೆಗೋಲು ಕೊಟ್ಟರೆ ಮೇಜು. ಇಳಿಸಿದರೆ ಗೋಡೆಗೆ ಅಂಟಿದ ಹಲಗೆ. ಹೊಸದಾಗಿ ಕೀಸಿದ ಹಲಸಿಗೆ ಅರಸಿನದ ಬಣ್ಣ. ವರ್ಷ ಕಳೆದಂತೆ ಅದು ಕಂದು ತಿರುಗುತ್ತದೆ. 2025ರ ಮಾರ್ಚಿನ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಅವಳು ಓದಿದ್ದು ಆ ಮೇಜಿನಲ್ಲಿ. ಆ ವರ್ಷ ಜನವರಿಯಿಂದ ಪರೀಕ್ಷೆ ಮುಗಿಯುವ ತನಕ ಕೊಡತಿ, ಗರಗಸಗಳಿಗೆ ರಜೆ. ಮಸೆಯುವುದು, ಎಣ್ಣೆ ಹಚ್ಚುವುದು ಮಾತ್ರ ನಡೆಯಿತು. ಎರಡನೆಯದಾಗಿ ಅಡುಗೆಮನೆಗೆ ಡಬ್ಬಗಳ ಸಾಲುಗೂಡು. ಅದು ಗೋಡೆಗೇರಿದ ದಿನ ಮನೆಯಾಕೆ, "ಇನ್ನು ನಿಮ್ಮ ಹುಡಿಯ ಬಗ್ಗೆ ಅರ್ಧ ಮಾತ್ರ ದೂರು" ಎಂದರು.

ಈ ಎಲ್ಲದರ ನಡುವೆ ಅಮ್ಮನದು ಬೇರೆಯೇ ಕತೆ. ಮೊದಲ ದಿನ ನಾವು ಉಳಿ ಮಸೆಯಲು ಕುಳಿತಾಗ ಅವರು ಬಾಗಿಲ ದಾರಂದಕ್ಕೆ ಒರಗಿ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ, "ಕಲ್ಲಿಗೆ ನೀರು ಸಾಲದು" ಎಂದರು. ಮತ್ತೆ, "ಓರೆ ಎದ್ದಿದೆ, ಕೈ ತಗ್ಗಿಸು." ಕೊನೆಗೆ ತಡೆಯಲಾರದೆ ಸೆರಗು ಸಿಕ್ಕಿಸಿ ತಾವೇ ಕುಳಿತರು. ಸುಮಾರು 25 ಡಿಗ್ರಿಯ ಓರೆಯನ್ನು ಕೋನಮಾಪಕವಿಲ್ಲದೆ, ಕಣ್ಣಿನಿಂದಲೂ ನೋಡದೆ, ಬೆರಳಿನ ತುದಿಯಿಂದಲೇ ಹಿಡಿದರು. ಮಸೆದ ಬಾಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲನೆ ಇಟ್ಟರು. ಜಾರಿದರೆ ಮೊಂಡು, ಕಚ್ಚಿ ನಿಂತರೆ ಹರಿತ. ಕಚ್ಚಿ ನಿಂತಿತು. ಅಪ್ಪನ ಉಳಿಗಳನ್ನು ನಲವತ್ತು ವರ್ಷ ಮಸೆದುಕೊಟ್ಟವರು ಅಮ್ಮನೆಂಬುದು ನಮಗೆ ಆ ದಿನ ತಿಳಿಯಿತು. ಅಪ್ಪನ ಮಣೆ, ವ್ಯಾಸಪೀಠಗಳನ್ನು ಊರೆಲ್ಲ ಹೊಗಳುತ್ತಿತ್ತು. ಹರಿತದ ಸುದ್ದಿಯನ್ನು ಯಾರೂ ಎತ್ತಿರಲಿಲ್ಲ. ಈಗ ನಮ್ಮ ಮನೆಯಲ್ಲಿ ಮಸೆಗಲ್ಲು ಅಮ್ಮನ ವಶ. ಸಂಜೆ ಐದಾಯಿತೆಂದರೆ, "ಇವತ್ತು ಯಾವುದು ಬೇಕು?" ಎಂದು ಅವರೇ ಕೇಳುತ್ತಾರೆ.

ಸದ್ದು ಕೇಳಿ ಪಕ್ಕದ ಮನೆಯ ಅಜ್ಜಿಯೂ ಬಂದರು. ಅವರ ಚಿರವೆಯ ಕಾಲು ಮುರಿದಿತ್ತು. ಮಲಯಾಳದ ಚಿರವೆಯೇ ನಮ್ಮ ಹೆರೆಮಣೆ. "ಮಾಷೇ, ಇದೊಂದು ಸರಿಮಾಡಿ ಕೊಡಿ" ಎಂದು ಅವರ ಮಾತಿನಲ್ಲಿ ಕೇಳಿದರು. ಕಾಲು ಕೂರಿಸುವಷ್ಟು ಹೊತ್ತು ಇಬ್ಬರು ಅಜ್ಜಿಯರೂ ಹತ್ಯಾರುಗಳ ಹೆಸರು ಒಪ್ಪಿಸಿಕೊಂಡರು. ಉಳಿ ಇಬ್ಬರಿಗೂ ಉಳಿಯೇ. ನಮ್ಮ ಬಾಚಿ ಅವರ ವಾಚ್ಚಿ. ಚಿಕ್ಕಂದಿನಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಪಾಠ ಕಲಿತ ನಮಗೆ ಇದು ಹೊಸತಲ್ಲ: ಬಾಯಿ-ವಾಯ್, ಬೇರು-ವೇರ್, ಬಿಲ್ಲು-ವಿಲ್ಲ್ ಎಂಬಂತೆ ಕನ್ನಡದ ಬಕಾರ ಅಲ್ಲಿ ವಕಾರವಾಗಿರುತ್ತದೆ. ಆದರೆ ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆದು ತೋರಿಸಿದಾಗ ಆಕಳಿಸುವ ಮಕ್ಕಳು, ಬಾಚಿಯನ್ನು ಕೈಯಲ್ಲಿ ಹಿಡಿದು ಕೇಳಿದಾಗ ಕಣ್ಣರಳಿಸುತ್ತಾರೆ. ಬೈರಿಗೆ, ಕೀಸುಳಿ, ಕೊಡತಿ ಎಂಬ ಮಾತುಗಳು ನಮ್ಮ ಮಗಳಿಗೆ ನಿಘಂಟಿನ ಮಾತುಗಳಾಗಿದ್ದವು. ಈಗ ಅವು ಮನೆಯ ಮಾತು. ಗಡಿನಾಡಿನಲ್ಲಿ ಕನ್ನಡ ಉಳಿಯಬೇಕೆಂದು ನಾವು ಸಭೆಗಳಲ್ಲಿ ಹೇಳುತ್ತೇವೆ. ಹೆಸರು ಹೇಳಿ ಕೈಚಾಚುವ ಕೆಲಸವೊಂದು ಮನೆಯಲ್ಲಿದ್ದರೆ ಮಾತು ತಾನಾಗಿ ಉಳಿಯುತ್ತದೆ.

ಕೈಕೆಲಸದ ಮೂಲಕ ಶಿಕ್ಷಣ ಎಂಬ ವಿಚಾರ 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರ ಮುಂದಾಳುತನದಲ್ಲಿ ಚರ್ಚೆಗೆ ಬಂತು. ಶಿಕ್ಷಕರ ತರಬೇತಿಯಲ್ಲಿ ನಾವು ಅದನ್ನು ಪರೀಕ್ಷೆಗಾಗಿ ಬರೆದವರು. ನಮ್ಮ ಶಾಲೆಗಳ ವೃತ್ತಿಪರಿಚಯ ಮೇಳಗಳಲ್ಲಿ ಮರಗೆಲಸ, ಮರದ ಕೆತ್ತನೆಗಳೂ ಸ್ಪರ್ಧೆಯ ವಿಷಯಗಳಾಗಿ ಬಂದಿವೆ. ಆದರೆ ಮೇಳಕ್ಕೆ ವಾರವಿರುವಾಗ ಉಳಿ ಹಿಡಿದರೆ ಬೆರಳು ಕೊಯ್ಯುತ್ತದೆಯೇ ಹೊರತು ಮರ ಕೊಯ್ಯುವುದಿಲ್ಲ. ಅಭ್ಯಾಸಕ್ಕೆ ಮನೆಯಲ್ಲಿ ಜಾಗ ಬೇಕು. "ನಮ್ಮ ಮನೆಯಲ್ಲಿ ಎಲ್ಲಿದೆ ಜಾಗ, ಮಾಷ್ಟ್ರೇ?" ಎಂದು ಹೆತ್ತವರು ಕೇಳುತ್ತಾರೆ. ಅವರಿಗೆ ನಮ್ಮ ಉತ್ತರ ಇಷ್ಟೆ: ಎರಡು ಕೋಲು ಉದ್ದ, ಒಂದು ಕೋಲು ಅಗಲ, ದಿನಕ್ಕೆ ಒಂದು ಗಂಟೆ.

ಪ್ರಾರಂಭಿಸುವ ಮಕ್ಕಳಿಗೆ ನಾಲ್ಕು ಸೂಚನೆ. ಹತ್ತು ಹತ್ಯಾರು ಬೇಡ; ಒಂದು ಸಣ್ಣ ಗರಗಸ, ಒಂದು ಉಳಿ, ಒಂದು ಕೊಡತಿ, ಒಂದು ಮೂಲೆಮಟ್ಟ, ಒಂದು ಮಸೆಗಲ್ಲು ಸಾಕು. ಮೊಂಡು ಉಳಿಗೆ ಹೆಚ್ಚು ಬಲ ಹಾಕಬೇಕಾಗುತ್ತದೆ, ಬಲ ಹಾಕಿದಾಗಲೇ ಅದು ಜಾರುತ್ತದೆ. ಹರಿತವಾದ ಉಳಿಯೇ ಸುರಕ್ಷಿತ. ಉಳಿಯ ಬಾಯಿಯ ಮುಂದೆ ನಿಮ್ಮ ಕೈಯಾಗಲಿ ಇನ್ನೊಬ್ಬರ ಕೈಯಾಗಲಿ ಎಂದೂ ಇರಬಾರದು. ಮೊದಲ ವರ್ಷ ದೊಡ್ಡವರೊಬ್ಬರು ಹತ್ತಿರವಿದ್ದಾಗ ಮಾತ್ರ ಕೆಲಸಕ್ಕೆ ಕುಳಿತುಕೊಳ್ಳಿ. ಮೊದಲ ವಸ್ತುವನ್ನು, ನಿಮಗೆ ಜಾಗ ಬಿಟ್ಟುಕೊಟ್ಟವರಿಗಾಗಿ ಮಾಡಿ.

ಹೆತ್ತವರಲ್ಲಿ ಒಂದೇ ವಿನಂತಿ. ನಿಮ್ಮ ಮನೆಯ ಅಟ್ಟದಲ್ಲೋ ಮಂಚದಡಿಯಲ್ಲೋ ಹಿರಿಯರ ಹತ್ಯಾರುಗಳಿದ್ದರೆ ಅವುಗಳನ್ನು ಮಾರುವ ಮೊದಲು ಮನೆಯ ಅಜ್ಜ ಅಜ್ಜಿಯರನ್ನು ಹತ್ತಿರ ಕೂರಿಸಿಕೊಂಡು ಪೆಟ್ಟಿಗೆಯನ್ನೊಮ್ಮೆ ತೆರೆಯಿರಿ. ಯಾವುದು ಯಾವುದಕ್ಕೆ, ಯಾರು ಮಾಡಿಸಿದ್ದು, ಹೇಗೆ ಹಿಡಿಯುವುದು ಎಂದು ಕೇಳಿ. ಕಬ್ಬಿಣದ ಬೆಲೆಯನ್ನು ಕೊಳ್ಳುವವರು ಹೇಳಬಲ್ಲರು. ಉಳಿದದ್ದನ್ನು ಹೇಳಬಲ್ಲವರು ನಿಮ್ಮ ಮನೆಯಲ್ಲಿಯೇ ಇದ್ದಾರೆ. ಅವರಿರುವಾಗಲೇ ಕೇಳುವುದು ಒಳ್ಳೆಯದು.